ತಿಂಗಳಿಗೊಂದು ಓಟಿಪಿ

"ನಾಕೇ ಮಂದಿ ಅದಾರ್ರಿ ಮ್ಯಾಡಂ... ನಾಕೇ ಮಂದಿ!"

ಬಾಗಿಲಿಗೆ ಅಡ್ಡ ನಿಂತು ಹೀಗೆ ಅಂದವನನ್ನು ಶೀತಲ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಎತ್ತರದ ಆಳು. ಕೊರಳಲ್ಲಿ ಅಳತೆಯ ಟೇಪು, ಅಂಗಿಯ ತುಂಬ ನೂಲಿನ ಎಳೆಗಳು, ಹಣೆಯ ತುಂಬ ಬೆವರು. ಸುಳ್ಳು ಹೇಳಿ ರೂಢಿಯಿಲ್ಲದವನೆಂದು ನೋಡಿದೊಡನೆ ಗೊತ್ತಾಗುತ್ತಿತ್ತು.

"ಹೌದೇನ್ರಿ? ಹಂಗಾದ್ರ ಈ ಚಪ್ಪಲಿ ಯಾರವು? ನಿಮ್ಮಲ್ಲಿ ಒಬ್ಬೊಬ್ಬರಿಗೆ ಎಷ್ಟು ಕಾಲು ಇರ್ತಾವ?"

ಅವನು ಕೆಳಗೆ ನೋಡಿದ. ಹೊಸ್ತಿಲ ಮುಂದೆ ಹೆಂಗಸರ ಚಪ್ಪಲಿಗಳ ರಾಶಿಯೇ ಬಿದ್ದಿತ್ತು. ಅಷ್ಟರಲ್ಲಿ ಶೆಡ್ಡಿನ ಹಿಂದುಗಡೆಯಿಂದ ಯಾರೋ ಬರಿಗಾಲಲ್ಲಿ ಮುಳ್ಳು ತುಳಿದು "ಯವ್ವಾ!" ಎಂದು ಚೀರಿದ್ದೂ, ಉಳಿದವರು "ಶ್ಶ್..." ಎಂದದ್ದೂ ಕೇಳಿಸಿತು.

ಶೀತಲಳಿಗೆ ನಗು ತಡೆಯಲಾಗಲಿಲ್ಲ. "ಎಲ್ಲಾರಿಗೂ ಒಳಗ ಕರೀರಿ. ನಾ ಲೇಬರ್ ಆಫೀಸಿನಾಕಿ ಅಲ್ಲ. ಪಗಾರದ ಸಿಸ್ಟಂ ಕೂಡಸಲಿಕ್ಕೆ ನೀವೇ ಫೋನ್ ಮಾಡಿ ಕರಸೀರಿ."

"ಅಯ್ಯ! ನೀವಾ? ನಾಳಿ ಬರ್ತೀನಿ ಅಂದಿದ್ರಿ!"

"ನಿನ್ನಿ ಅಂದಿದ್ನಿ. ಇವತ್ತೇ ಆ ನಾಳಿ."

ಅವನ ಕಿವಿ ಎರಡೂ ಕೆಂಪಾದವು. ಅಷ್ಟು ದೊಡ್ಡ ಆಳು ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳು ಒಳಗೆ ಬರಲು ದಾರಿಯಾಗಲೆಂದು ಆ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಪಕ್ಕಕ್ಕೆ ಇಡತೊಡಗಿದ. ತನ್ನ ಕೈಕೆಳಗೆ ದುಡಿಯುವವರ ಚಪ್ಪಲಿಯನ್ನು ಕೈಯಿಂದ ಮುಟ್ಟುವ ಮಾಲೀಕನನ್ನು ಶೀತಲ ಅದುವರೆಗೆ ನೋಡಿರಲಿಲ್ಲ.

'ಇವ ಯಾರಪ್ಪಾ ಇವ...' ಎಂದಿತು ಮನಸ್ಸು.

ಓದುಗರೇ, ಹುಡುಗಿಯ ಮನಸ್ಸು ಯಾವ ಗಳಿಗೆಯಲ್ಲಿ ಜಾರಿತೆಂದು ಯಾರಾದರೂ ಕೇಳಿದರೆ, ಇದೇ ಗಳಿಗೆ ಎಂದು ನಾನು ಹೇಳುತ್ತೇನೆ. ಅವಳಿಗೆ ಅದು ತಿಳಿಯಲು ಮಾತ್ರ ಬಹಳ ಕಾಲ ಹಿಡಿಯಿತು!

ಅವನ ಹೆಸರು ಕಾಂತೇಶ. ಊರು ಅಕ್ಕಲಕೋಟ ತಾಲೂಕಿನ ವಾಗದರಿ. ಊರಲ್ಲಿ ಹೊಲ, ಸೋಲಾಪುರದ ಅಕ್ಕಲಕೋಟ ರೋಡಿನಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಯುವ ಈ ಶೆಡ್ಡು. ಪುಣೆಯ ಶಾಲೆಗಳಿಂದ ದೊಡ್ಡ ಆರ್ಡರ್ ಬಂದಿತ್ತು. ಆದರೆ ಅವರದೊಂದು ಷರತ್ತು: ಹೊಲಿಯುವವರಿಗೆಲ್ಲ ಬ್ಯಾಂಕಿನಲ್ಲಿ ಪಗಾರ ಬೀಳಬೇಕು, ಪಿಎಫ್ ಇರಬೇಕು, ಆಸ್ಪತ್ರೆಯ ಸವಲತ್ತು ಇರಬೇಕು, ತಿಂಗಳಿಗೊಮ್ಮೆ ಪಗಾರದ ಚೀಟಿ ಕೈಗೆ ಬರಬೇಕು. ಅಲ್ಲಿಯವರೆಗೆ ಶನಿವಾರ ಸಂಜೆ ಕೈಯಲ್ಲಿ ಕೂಲಿ ಕೊಟ್ಟು ಕೈಮುಗಿದು ಕಳಿಸುತ್ತಿದ್ದ ಕಾಂತೇಶನಿಗೆ ಇದೆಲ್ಲ ತಲೆಗೆ ಹತ್ತಲಿಲ್ಲ. ಹಾಗಾಗಿ ಶೀತಲ ಬಂದಳು.

ಈ ಕೆಲಸದಲ್ಲಿ ಶೀತಲ ಎಷ್ಟು ಹಟಮಾರಿ ಎಂದರೆ, ಹೆಸರಿನ ಒಂದಕ್ಷರ ತಪ್ಪಿದ್ದರೂ ಮುಂದಕ್ಕೆ ಹೋಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಅವಳ ಅಪ್ಪ ಅಂಬಾರಾಯ ಸೋಲಾಪುರದ ಗಿರಣಿಯಲ್ಲಿ ದುಡಿದವನು. ಗಿರಣಿ ಮುಚ್ಚಿದ ಮೇಲೆ, ಕಾಗದದಲ್ಲಿ ಹೆಸರು ತಪ್ಪಾಗಿದೆ ಎಂಬ ಒಂದೇ ಕಾರಣಕ್ಕೆ ತನ್ನ ಪಿಎಫ್‌ಗಾಗಿ ವರ್ಷಗಟ್ಟಲೆ ಅಲೆದ. ಅಪ್ಪನ ಆ ಅಲೆದಾಟ ನೋಡಿಯೇ ಮಗಳು ಈ ಕೆಲಸ ಕಲಿತಿದ್ದಳು.

ಶೆಡ್ಡಿನ ಹಿರಿಯ ದರ್ಜಿ ಮುಕ್ತಾಬಾಯಿಗೆ ಆಧಾರಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ತವರಿನ ಹೆಸರೊಂದು, ಅತ್ತೆಮನೆಯವರು ಇಟ್ಟ ಹೆಸರು ಮತ್ತೊಂದು.

"ಖರೇ ಹೆಸರು ಯಾವುದ್ರಿ ಬಾಯಿ?"

"ಯಾರಿಗೆ ಗೊತ್ರಿ! ಎಲ್ಲಾರೂ 'ಏ' ಅಂತಾರ, ನಾ 'ಓ' ಅಂತೀನಿ."

ಶೀತಲ ನೆಲದ ಮೇಲೆ, ಹೊಲಿಗೆ ಯಂತ್ರಗಳ ನಡುವೆ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಒಬ್ಬೊಬ್ಬರ ಹೆಸರನ್ನೂ ಸರಿಮಾಡಿದಳು. ಪ್ರತಿ ಸಲ ಸಿಸ್ಟಂ ತೆರೆಯುವಾಗ ಮೊಬೈಲಿಗೆ ಓಟಿಪಿ ಬರಬೇಕು. ಯಂತ್ರಗಳ ಗದ್ದಲದಲ್ಲಿ ಕಾಂತೇಶನಿಗೆ ತನ್ನ ಫೋನು ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಒಮ್ಮೆಯಂತೂ ಅದು ಖಾಕಿ ಬಟ್ಟೆಯ ಥಾನಿನೊಳಗೆ ಸುತ್ತಿಕೊಂಡು ಹೋಗಿತ್ತು.

"ಸದ್ಯ ನನ್ನ ನಂಬರ್ ಹಾಕ್ತೀನ್ರಿ. ಆಮ್ಯಾಲ ಬದಲಿ ಮಾಡ್ಕೋರಿ."

"ಆಯ್ತ್ರಿ. ಆಮ್ಯಾಲ ಮಾಡ್ತೀನಿ," ಎಂದ ಕಾಂತೇಶ.

ಆ 'ಆಮ್ಯಾಲ' ಎಂಬುದು ಕೊನೆಗೂ ಬರಲಿಲ್ಲ.

ಕಾಂತೇಶನ ತಾಯಿ ಕಲ್ಯಾಣಮ್ಮ ಬೆಳಗಿನಿಂದ ಸಂಜೆಯವರೆಗೆ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು, ಹೊಲಿದ ಅಂಗಿಗಳನ್ನು ತಿರುವಿ ಮುರುವಿ ನೋಡುತ್ತಿದ್ದಳು. ಅವಳ ಹೆಸರನ್ನೂ ಪಟ್ಟಿಗೆ ಸೇರಿಸಲು ಶೀತಲ ಹೋದಾಗ ಮುದುಕಿ ಸೂಜಿ ಕೆಳಗಿಟ್ಟು ನಕ್ಕದ್ದೇ ನಕ್ಕದ್ದು.

"ನನಗ ಪಗಾರಾ? ಮನಿಯಾಕಿಗೆ ಯಾರರೇ ಪಗಾರ ಕೊಡ್ತಾರೇನ ಬೇ?"

"ಕೆಲಸ ಮಾಡ್ತೀರಿಲ್ಲೋ ಕಾಕು? ಮಾಡಿದವ್ರಿಗೆ ಪಗಾರ ಅದ. ನಿಮ್ಮ ಮಗ ಇಲ್ಲ ಅಂದ್ರೂ ನಾ ಬಿಡಂಗಿಲ್ಲ."

"ನಾ ಎಲ್ಲಿ ಇಲ್ಲ ಅಂದ್ನಿ?" ಎಂದು ಕಾಂತೇಶ ಕತ್ತರಿ ಹಿಡಿದೇ ಕೈ ಎತ್ತಿದ. ಶೆಡ್ಡಿನ ತುಂಬ ನಗು.

ಮೊದಲ ಪಗಾರದ ಚೀಟಿ ಬಂದ ದಿನ ಕಲ್ಯಾಣಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಂದವರಿಗೆಲ್ಲ ಬಿಚ್ಚಿ ತೋರಿಸಿದಳು. ಓದಲು ಅವಳಿಗೂ ಬರುತ್ತಿರಲಿಲ್ಲ, ನೋಡಿದವರಲ್ಲಿ ಅರ್ಧ ಮಂದಿಗೂ ಬರುತ್ತಿರಲಿಲ್ಲ!

ಮಧ್ಯಾಹ್ನದ ಊಟಕ್ಕೆ ಕಲ್ಯಾಣಮ್ಮ ಶೀತಲಳನ್ನು ತನ್ನ ಪಕ್ಕದಲ್ಲೇ ಕೂಡಿಸಿಕೊಳ್ಳುತ್ತಿದ್ದಳು. ಒಂದು ದಿನ ಶೀತಲ ಡಬ್ಬಿ ತೆರೆಯುವ ಮುಂಚೆ, ಎದೆ ಗಟ್ಟಿ ಮಾಡಿಕೊಂಡು ಹೇಳಿಯೇಬಿಟ್ಟಳು.

"ಕಾಕು, ನಮ್ಮ ಮೂಲ ಚಪಳಗಾಂವ. ಅಲ್ಲಿ ನಮ್ಮ ಮನಿ ಊರ ಹೊರಗ ಇತ್ತು. ನಾವು ಬೌದ್ಧರು. ಗೊತ್ತಿರಲಿ ಅಂತ ಹೇಳಿದ್ನಿ..."

ಕಲ್ಯಾಣಮ್ಮ ಶೀತಲಳ ಡಬ್ಬಿಗೆ ಕೈ ಹಾಕಿ, ಬದನೆಕಾಯಿ ಪಲ್ಯವನ್ನು ರೊಟ್ಟಿಯ ಚೂರಿನಲ್ಲಿ ಹಿಡಿದು ಬಾಯಿಗಿಟ್ಟುಕೊಂಡಳು. ಕಣ್ಣಲ್ಲಿ ನೀರು ಬಂತು.

"ಯವ್ವಾ! ನಿಮ್ಮವ್ವ ಖಾರ ಬಾಳ ಹಾಕ್ತಾಳಲ್ಲ ಬೇ!"

ಅಷ್ಟೇ. ಆ ವಿಷಯ ಮತ್ತೆ ಬರಲಿಲ್ಲ. ಶೀತಲಳಿಗೆ ಅಂದು ಎಷ್ಟು ಹಗುರವೆನಿಸಿತೆಂದರೆ, ಸಂಜೆ ಬಸ್ಸಿನಲ್ಲಿ ಕೂತು ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು.

ಕಾಂತೇಶ ಪ್ರೀತಿಯ ಮಾತು ಒಂದೂ ಆಡಲಿಲ್ಲ. ಅವಳು ಬಂದರೆ ಫ್ಯಾನನ್ನು ಅವಳ ಕಡೆ ತಿರುಗಿಸುತ್ತಿದ್ದ. ಹೊರಟರೆ ಬಸ್ ಸ್ಟಾಪಿನವರೆಗೆ ನಡೆದು ಬಂದು, ಬಸ್ಸು ಕಾಣುವ ತನಕ ಗುಂಡಿ, ಕಾಜಾ, ಕಾಲರ್ ಎಂದು ಹರಟಿ, ಬಸ್ಸು ಬಂದೊಡನೆ ಮೂಗನಾಗುತ್ತಿದ್ದ.

'ಒಂದ್ಸಲ ಬಾಯಿ ಬಿಟ್ಟು ಹೇಳಬಾರದಾ ಇವ...!'

ಸಿಸ್ಟಂ ಎಲ್ಲ ಕೂತ ಮೇಲೆ ಕೊನೆಗೆ ಒಂದು ಸಂಜೆ ಅವನು ಕೇಳಿದ. "ನೀವು ಇಲ್ಲೇ ಇದ್ದುಬಿಡ್ರಲ್ಲ... ಹಿಸಾಬ, ಪಗಾರ ಎಲ್ಲಾ ನೋಡ್ಕೋತ."

ಪುಣೆಯ ಒಂದು ಕಂಪನಿ ಅವಳನ್ನು ಕರೆದು ಆಗಲೇ ವಾರವಾಗಿತ್ತು. ಶೀತಲ ಅದನ್ನು ಹೇಳಲಿಲ್ಲ. "ಇರ್ತೀನ್ರಿ," ಎಂದಳು. ಹೇಳುವಾಗ ಎದೆ ಹೊಡೆದುಕೊಂಡದ್ದು ಅವನಿಗೆ ಕೇಳಿಸೀತೆಂದು ಹೆದರಿದಳು!

ಹಾಗೆಂದ ಎರಡನೆಯ ದಿನವೇ ಎಲ್ಲ ಕೆಟ್ಟಿತು.

ಅಂದು ಎಳ್ಳಮಾವಾಸ್ಯೆಯ ಹಿಂದಿನ ದಿನ. ಈ ಸೀಮೆಯಲ್ಲಿ ಎಳ್ಳಮಾಸಿ ಎಂದರೆ ಮನೆಗೆ ಬೀಗ, ಅಂಗಡಿಗೆ ಬೀಗ, ಎಲ್ಲರೂ ಹೊಲಕ್ಕೆ. ಜೋಳದ ಬೆಳೆಯ ನಡುವೆ ದಂಟಿನ ಗುಡಿಸಲಿನಂಥ ಕೊಪ್ಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿ, ಅನ್ನವನ್ನು ಹೊಲದ ತುಂಬ ಚರಗವೆಂದು ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣುವ ಹಬ್ಬ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯಬೇಕು.

ಬೆಳಿಗ್ಗೆ ಶೀತಲ ಪಟ್ಟಿಯಲ್ಲಿ ತನ್ನ ಹೆಸರನ್ನೂ ಸೇರಿಸಲು ಟೈಪು ಮಾಡುತ್ತಿದ್ದಳು. ಕಾಂತೇಶ ಹಿಂದಿನಿಂದ ಬಗ್ಗಿ ನೋಡಿದ.

"ಅದು ಬ್ಯಾಡ್ರಿ. ತಗೀರಿ. ನಿಮ್ಮ ಹೆಸರು ಈ ಪಟ್ಟಿಯೊಳಗ ಬ್ಯಾಡ."

ಅವಳ ಬೆರಳು ನಿಂತಿತು. ಕಣ್ಣು ತೆರೆಯ ಮೇಲೇ ಇತ್ತು. ಒಮ್ಮೆ ಹಿಂದೆ ತಿರುಗಿದ್ದರೆ ಅವನ ಕಿವಿ ಮೊದಲ ದಿನದ ಹಾಗೆ ಕೆಂಪಾದದ್ದು ಕಾಣುತ್ತಿತ್ತು. ತಿರುಗಲಿಲ್ಲ!

'ಹಂಗಾದ್ರ ಇರು ಅಂದದ್ದು ಯಾಕ? ಕೆಲಸ ಮುಗೀತು, ಈಗ ನಾ ಬ್ಯಾಡ...'

ಮಧ್ಯಾಹ್ನ ಕಲ್ಯಾಣಮ್ಮ ಕುಂಕುಮದ ಬಟ್ಟಲು ಹಿಡಿದು ಎದ್ದಳು. ಮುಕ್ತಾಬಾಯಿಯ ಹಣೆಗೆ ಕುಂಕುಮ ಹಚ್ಚಿದಳು. "ನಾಳಿ ನಮ್ಮ ಹೊಲಕ್ಕ ಬರ್ಬೇಕು ನೋಡ್ರಿ." ಆಮೇಲೆ ಪಕ್ಕದವಳಿಗೆ, ಅವಳ ಪಕ್ಕದವಳಿಗೆ. ಸಾಲು ಶೀತಲಳ ಹತ್ತಿರ ಬಂತು. ಶೀತಲ ತಾನಾಗಿಯೇ ಮುಖ ಮುಂದೆ ಚಾಚಿದಳು.

ಕಲ್ಯಾಣಮ್ಮ ಅವಳ ಕೆನ್ನೆಯನ್ನು ಸುಮ್ಮನೆ ತಟ್ಟಿ, ಮುಂದಿನವಳ ಹತ್ತಿರ ಹೋದಳು.

ಎಲ್ಲರ ಹಣೆಯಲ್ಲೂ ಕುಂಕುಮವಿತ್ತು. ಅವಳ ಹಣೆ ಬರಿದು.

ಶೀತಲಳಿಗೆ ಅಜ್ಜಿ ನೆನಪಾದಳು. ಚಪಳಗಾಂವದಲ್ಲಿ ಎಳ್ಳಮಾಸಿಯ ದಿನ ಅಜ್ಜಿ ಕಂಡವರ ಹೊಲದ ಬದುವಿನ ಮೇಲೆ ಸೆರಗೊಡ್ಡಿ ನಿಲ್ಲುತ್ತಿದ್ದಳಂತೆ. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಮೇಲಿನಿಂದ ಹಾಕುತ್ತಿದ್ದರಂತೆ. ಅಪ್ಪ ಇದನ್ನು ಒಮ್ಮೆ ಮಾತ್ರ ಹೇಳಿದ್ದ. ಒಮ್ಮೆ ಸಾಕಾಗಿತ್ತು.

'ಡಬ್ಬಿಯೊಳಗ ಕೈ ಹಾಕಿದ್ದು ಶೆಡ್ಡಿನೊಳಗ. ಹೊಲದಾಗ ಊರ ಮಂದಿ ನೋಡ್ತಾರ... ಅದಕ್ಕ ನಾ ಬ್ಯಾಡ. ಪಟ್ಟಿಯೊಳಗೂ ಬ್ಯಾಡ, ಹೊಲದಾಗೂ ಬ್ಯಾಡ.'

ಅವಳು ಯಾರಿಗೂ ಏನೂ ಹೇಳಲಿಲ್ಲ. ಸಂಜೆ ಕಾಂತೇಶ ಬಟ್ಟೆಯ ಲಾರಿಯ ಹತ್ತಿರ ಇದ್ದಾಗ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟಳು. ಮರುದಿನ ಅವನ ಫೋನು ಬಂತು. ಮತ್ತೆ ಬಂತು. ಮತ್ತೆ ಮತ್ತೆ ಬಂತು. ಅವಳು ಎತ್ತಲಿಲ್ಲ. ಸಂಜೆಗೆ ಅವನ ನಂಬರನ್ನೇ ಬ್ಲಾಕ್ ಮಾಡಿ, ದಿಂಬಿಗೆ ಮುಖ ಒತ್ತಿ ಅತ್ತಳು. ಆ ವಾರವೇ ಪುಣೆಯ ಬಸ್ಸು ಹತ್ತಿದಳು.

ಆದರೆ ಓಟಿಪಿ ಇತ್ತಲ್ಲ!

ತಿಂಗಳ ಮೊದಲಲ್ಲಿ, ಪುಣೆಯ ಆಫೀಸಿನ ಮೀಟಿಂಗಿನ ನಡುವೆ, ಅವಳ ಫೋನು ಗುಂಯ್ ಎಂದಿತು. ವಾಗದರಿಯವನ ಶೆಡ್ಡಿನ ಪಗಾರ ಬಿಡಲು ಓಟಿಪಿ. ಅದರ ಹಿಂದೆಯೇ ಮುಕ್ತಾಬಾಯಿಯ ಫೋನಿನಿಂದ ಒಂದೇ ಪದದ ಮೆಸೇಜು. "ಓಟಿಪಿ?"

'ನಂಬರ್ ಬದಲಿ ಮಾಡ್ಕೋರಿ' ಎಂದು ಬರೆದಿದ್ದರೆ ಮುಗಿದು ಹೋಗುತ್ತಿತ್ತು. ಶೀತಲ ಅಂಕಿಗಳನ್ನಷ್ಟೇ ಕಳಿಸಿದಳು.

ಮುಂದಿನ ತಿಂಗಳೂ ಹಾಗೆಯೇ. ಅದರ ಮುಂದಿನ ತಿಂಗಳೂ. ನಂಬರ್ ಬದಲಿಸಲು ಅವನಿಗೆ ಐದು ನಿಮಿಷದ ಕೆಲಸ, ಅವನು ಬದಲಿಸಲಿಲ್ಲ. ಬದಲಿಸಿರಿ ಎನ್ನಲು ಅವಳಿಗೆ ಒಂದು ಸಾಲಿನ ಕೆಲಸ, ಅವಳು ಎನ್ನಲಿಲ್ಲ. ಇಬ್ಬರ ನಡುವೆ ಉಳಿದದ್ದು ಆ ಅಂಕಿಗಳಷ್ಟೇ. ತಿಂಗಳ ಮೊದಲ ವಾರ ಬಂತೆಂದರೆ ಶೀತಲ ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಇಟ್ಟು ಹೋಗುತ್ತಿದ್ದಳು. ಕೇಳಿದರೆ ಮಾತ್ರ ಸಿಟ್ಟು ಹಾಗೇ ಇದೆ ಎನ್ನುತ್ತಿದ್ದಳು!

ಒಂದು ಸಲ, ಅಂಕಿ ಕಳಿಸಿದ ಮೇಲೆ, ಮುಕ್ತಾಬಾಯಿಯ ಫೋನಿನಿಂದ ಇನ್ನೊಂದು ಸಾಲು ಬಂತು.

"ಊಟ ಆಯ್ತ್ರಿ?"

ಕಣ್ಣು ಮಿಟುಕಿಸುವುದರೊಳಗೆ ಅದು ಅಳಿಸಿಹೋಯಿತು. ಶೀತಲ ಆ ಖಾಲಿ ಜಾಗವನ್ನೇ ನೋಡುತ್ತ ಕೂತಳು. ಮುಕ್ತಾಬಾಯಿಗೆ ಟೈಪು ಮಾಡಲು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಂದು ಅವಳು ನಿಜವಾಗಿಯೂ ಊಟ ಮಾಡಿರಲಿಲ್ಲ.

ಹೀಗೆ ಎರಡು ವರ್ಷ ತುಂಬುತ್ತ ಬಂತು.

ದೀಪಾವಳಿ ಮುಗಿದು ಕೆಲವು ವಾರಗಳಾಗಿದ್ದವು. ತಿಂಗಳ ನಟ್ಟನಡುವೆ, ಪಗಾರದ ದಿನವಲ್ಲದ ದಿನ, ಓಟಿಪಿ ಬಂತು. ಮೆಸೇಜಿನಲ್ಲಿ ಹೀಗಿತ್ತು: ಸಿಬ್ಬಂದಿಯ ಪಟ್ಟಿಯಿಂದ ಒಂದು ಹೆಸರು ತೆಗೆಯಲು.

ಶೀತಲ ಮೊದಲ ಸಲ ತಾನಾಗಿ ಮುಕ್ತಾಬಾಯಿಗೆ ಫೋನ್ ಮಾಡಿದಳು. "ಬಾಯಿ... ಯಾರ ಹೆಸರು ತಗ್ಯಾಕತ್ತೀರಿ?"

ಆ ಕಡೆ ಯಂತ್ರಗಳ ಸದ್ದು ಇರಲಿಲ್ಲ. ಶೆಡ್ಡು ಅಷ್ಟು ಸುಮ್ಮನಿದ್ದದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ಕಲ್ಯಾಣಕ್ಕಂದ್ರಿ... ಎದಿ ನೋವು ಅಂದ್ರು, ದವಾಖಾನಿಗೆ ಒಯ್ಯೋದ್ರೊಳಗ..."

ಶೀತಲ ಕಣ್ಣು ಮುಚ್ಚಿದಳು. ಕೆನ್ನೆ ತಟ್ಟಿದ ಆ ಒರಟು ಅಂಗೈ, ಖಾರಕ್ಕೆ ನೀರು ತುಂಬಿದ ಆ ಕಣ್ಣು...

"ನಿಮಗ ಬಾಳ ನೆನಸ್ತಿದ್ರು ಅವರು," ಎಂದಳು ಮುಕ್ತಾಬಾಯಿ. "ಆವತ್ತು ಎಳ್ಳಮಾಸಿಗೆ ನೀವು ಯಾಕ ಬರಲಿಲ್ರಿ? ಬದುವಿನ ಮ್ಯಾಲ ಕುಂತು ನಿಮ್ಮ ದಾರಿ ಕಾದ್ರು. ಉಡಿ ತುಂಬ್ತೀನಿ ಅಂತ ಖಣ, ಟೆಂಗು ಎಲ್ಲಾ ತಂದಿದ್ರು. ನೀವು ಬರೂ ತನಾ ಚರಗ ಚೆಲ್ಲಬ್ಯಾಡ್ರಿ ಅಂತ ಹಟ ಹಿಡದ್ರು. ಹೊತ್ತು ಮುಳಗಿದ್ರೂ ಬಾಯಾಗ ತುತ್ತು ಇಟ್ಟಿದ್ದಿಲ್ಲ."

"ನನ್ನ ದಾರಿ?" ಶೀತಲಳ ದನಿ ಏರಿತು. "ನನಗ ಯಾರು ಕರದಿದ್ರು ಬಾಯಿ? ನಿಮಗೆಲ್ಲಾ ಕುಂಕುಮ ಹಚ್ಚಿದ್ರು. ನನಗ ಬಿಟ್ಟು ಹೋದ್ರು! ನನಗ ಯಾರೂ ಕರೀಲಿಲ್ಲ!"

"ಅಗಂ ಬಾಯೀ!" ಮುಕ್ತಾಬಾಯಿ ಮೆಲ್ಲಗೆ ಹೇಳಿದಳು. "ಎಳ್ಳಮಾಸಿಗೆ ಕರಿಯೋದು ಹೊರಗಿನವ್ರಿಗೆ ಅಲ್ಲೇನ್ರಿ? ಮನಿ ಮಂದಿಗೆ ಯಾರು ಕರೀತಾರ? ಮನಿಯವರು ಬುಟ್ಟಿ ಹೊತ್ಕೊಂಡು ಎಲ್ಲಾರಕಿಂತ ಮುಂದ ಹೋಗ್ತಾರ. ಕಲ್ಯಾಣಕ್ಕ ನಿಮ್ಮ ತಲಿ ಮ್ಯಾಲೆ ಇಡಾಕ ಅಂತನೇ ಸಣ್ಣ ಬುಟ್ಟಿ ಬ್ಯಾರೆ ಕಟ್ಟಿದ್ರು."

ಶೀತಲ ಅಲ್ಲೇ ನೆಲಕ್ಕೆ ಕೂತಳು.

ಹೊಲ ಇಲ್ಲದ ಮನೆಯ ಮಗಳಿಗೆ ಇದು ಗೊತ್ತಿರಲಿಲ್ಲ. ಇದು ಗೊತ್ತಿಲ್ಲದವರೂ ಇರುತ್ತಾರೆ ಎಂಬುದು ಹೊಲ ಇದ್ದ ಮನೆಯವರಿಗೆ ಹೊಳೆಯಲೇ ಇಲ್ಲ. ಇಷ್ಟಕ್ಕೆ ಎರಡು ವರ್ಷ ಹೋಯಿತು. ಒಂದು ಜೀವವೂ ಕಾದು ಕಾದು ಹೋಯಿತು.

ಮನಿಯಾಕಿಗೆ ಯಾರರೇ ಪಗಾರ ಕೊಡ್ತಾರೇನ ಬೇ? ಕಲ್ಯಾಣಮ್ಮನ ನಗು ಕಿವಿಯಲ್ಲಿ ಕೇಳಿಸಿತು. ಪಟ್ಟಿಯಲ್ಲಿ ನಿಮ್ಮ ಹೆಸರು ಬೇಡ ಎಂದು ಅವನು ಯಾಕೆ ಅಂದನೆಂಬುದು ಈಗ, ಇಷ್ಟು ತಡವಾಗಿ, ಅರ್ಥವಾಯಿತು.

'ಕಾಕು... ಒಂದು ಮಾತು ಕೇಳಿದ್ರ ಸಾಕಿತ್ತಲ್ಲ ನಾ... ನನ್ನ ಹಣಿಗೆ ಯಾಕ ಹಚ್ಚಲಿಲ್ಲ ಅಂತ ಒಂದೇ ಒಂದು ಮಾತು...!'

ಫೋನಿನಲ್ಲಿ ಓಟಿಪಿಯ ಅವಧಿ ಮುಗಿಯುತ್ತಿತ್ತು. ಕಲ್ಯಾಣಮ್ಮನ ಹೆಸರನ್ನು ಅಳಿಸುವ ಅಂಕಿಗಳು ಅವು. ಕಳಿಸಲು ಅವಳಿಗೆ ಕೈ ಬರಲಿಲ್ಲ. ಅವಧಿ ಮುಗಿಯಿತು.

"ಈ ವರ್ಷ ಎಳ್ಳಮಾಸಿ ಮಾಡ್ತಾರೇನ್ರಿ?" ಎಂದು ಕೊನೆಗೆ ಕೇಳಿದಳು.

"ಸೂತಕದ ಮನಿ, ಹಬ್ಬ ಎಲ್ಲಿಂದ ಬರಬೇಕ್ರಿ. ಕಾಂತಣ್ಣ ಈ ಸಲ ಯಾರಿಗೂ ಕರದಿಲ್ಲ. ಕಲ್ಲಿಗೆ ಸುಣ್ಣ ಹಚ್ಚಿ, ಒಂದು ದೀಪ ಇಟ್ಟು ಬರ್ತೀನಿ ಅಂದಾನ. ಆದ್ರ ನಾವೆಲ್ಲಾ ಬುಟ್ಟಿ ಕಟ್ಕೊಂಡು ಹೋಗೋರೇ. ಕರೀಲಾರದ."

ಎಳ್ಳಮಾವಾಸ್ಯೆಯ ಬೆಳಿಗ್ಗೆ ಸೋಲಾಪುರದ ಮನೆಯಲ್ಲಿ ಶೀತಲ ಸೀರೆ ಉಟ್ಟು ನಿಂತಿದ್ದಳು. ತಾಯಿ ಅಂಜನಾಬಾಯಿ ಖಾರದ ಬದನೆಕಾಯಿ ಪಲ್ಯವನ್ನು ಡಬ್ಬಿಗೆ ತುಂಬಿ, ಮಗಳ ಕೈಗಿಟ್ಟಳು. ಅಂಬಾರಾಯ ಬಾಗಿಲವರೆಗೆ ಬಂದ.

"ಅಪ್ಪಾ... ನನಗ ಯಾರೂ ಕರದಿಲ್ಲ. ಹೋಗ್ಲೇನು?"

ಮುದುಕ ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡಿದ. "ನಮ್ಮವ್ವ ಬದುವಿನ ಮ್ಯಾಲೆ ನಿಂತಾಕಿ. ನೀ ಬದುವು ದಾಟಿ ಒಳಗ ಹೋಗು. ಅಲ್ಲಿ ನಿನಗ ಮಾನ ಕಂಡ್ರ ನಿಲ್ಲು. ಇಲ್ಲಾಂದ್ರ ತಿರುಗಿ ಬಾ. ಈ ಮನಿ ಅದ."

ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ವಾಗದರಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಬುಟ್ಟಿ ಹೊತ್ತ ಜನ. ಶೀತಲ ಯಾರನ್ನೋ ಕೇಳಿ, ಇನ್ಯಾರನ್ನೋ ಕೇಳಿ, ಆ ಹೊಲದ ಬದುವಿಗೆ ಬಂದು ನಿಂತಳು.

ಜೋಳ ಎದೆಮಟ್ಟ ಬೆಳೆದಿತ್ತು. ನಡುವೆ ಸಣ್ಣ ಕೊಪ್ಪೆ. ಅದರ ಮುಂದೆ ಸುಣ್ಣದ ಕೈಯಲ್ಲಿ ಒಬ್ಬನೇ ಕೂತಿದ್ದ ಕಾಂತೇಶ. ಗಡ್ಡ ಬಂದಿತ್ತು, ಸೊರಗಿದ್ದ. ಆಚೆ ಮರದ ನೆರಳಲ್ಲಿ ಮುಕ್ತಾಬಾಯಿ ಮತ್ತು ಉಳಿದ ಹೆಂಗಸರು ಬುಟ್ಟಿ ಇಳಿಸುತ್ತಿದ್ದರು.

ಎರಡು ವರ್ಷದ ಹಿಂದೆ ಇದೇ ಬದುವಿನ ಮೇಲೆ ಕಲ್ಯಾಣಮ್ಮ ಕೂತಿದ್ದಳು. ಶೀತಲ ಬದುವು ದಾಟಿ ಒಳಗೆ ಬಂದಳು.

ಕಾಂತೇಶ ತಲೆ ಎತ್ತಿದ. ಎದ್ದು ನಿಂತ. ಸುಣ್ಣದ ಕೈಯನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡ.

"ಕರೀಲಾರದ ಬಂದೀನ್ರಿ," ಎಂದಳು ಶೀತಲ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

"ಆವತ್ತು... ಆವತ್ತು ನೀವು ಬರಲಿಲ್ಲ. ಒಲ್ಲೆ ಅಂದ್ರಿ ಅಂತ ತಿಳಕೊಂಡ್ನಿ. ದೊಡ್ಡ ನೌಕರಿ ಬಿಟ್ಟು ಈ ಹೊಲಿಗಿ ಶೆಡ್ಡಿಗೆ ಯಾಕ ಬರ್ತಾರ ಅಂತ..."

"ನನಗ ಊರ ಮಂದಿ ಮುಂದ ತೋರಿಸೋದು ಬ್ಯಾಡ ಅಂತ ಬಿಟ್ಟೀರಿ ಅಂತ ನಾ ತಿಳಕೊಂಡ್ನಿ."

"ಶೀತಲ!" ಅವನಿಗೆ ಹೊಡೆತ ಬಿದ್ದ ಹಾಗಾಯಿತು. ಅದುವರೆಗೆ ಮ್ಯಾಡಂ ಎಂದೇ ಕರೆದವನ ಬಾಯಿಂದ ಬರಿಯ ಹೆಸರು ಬಂದದ್ದು ಅವನಿಗೂ ತಿಳಿಯಲಿಲ್ಲ.

"ನನ್ನ ಅಜ್ಜಿಗೆ ಬದುವಿನ ಮ್ಯಾಲೆ ನಿಲ್ಲಸ್ತಿದ್ರು. ನಿಮಗ ಅದು ಗೊತ್ತಿಲ್ಲ. ನಿಮಗ ಕರೀಲಾರದ್ದು ಪ್ರೀತಿ. ನಮಗ ಕರೀಲಾರದ್ದು..." ಅವಳು ಹಿಂದೆ ತಿರುಗಿ ಬದುವಿನ ಕಡೆ ನೋಡಿದಳು.

ಕಾಂತೇಶ ತಲೆ ತಗ್ಗಿಸಿದ. "ತಪ್ಪು ನಂದೇ. ಅವ್ವ ಹಳೀ ಮನಿಷಾಳು, ಅಕಿ ಮನಸಿನಾಗ ನೀ ಆಗಲೇ ಸೊಸಿ ಆಗಿದ್ದಿ. ಆದ್ರ ನಾ ನಿನಗ ಕೇಳಬೇಕಾಗಿತ್ತು. ಬಸ್ ಸ್ಟಾಪಿನ ತನಾ ದಿನಾ ಬರ್ತಿದ್ನಿ, ದಿನಾ ಗುಂಡಿ ಕಾಜಾ ಅಂತ ಬಡಬಡಿಸಿ ತಿರುಗಿ ಹೋಗ್ತಿದ್ನಿ. ಬಾಯಿ ಬಿಟ್ಟಿದ್ರ ಅವ್ವ ಹಂಗ ಕಾಯ್ತಿದ್ದಿಲ್ಲ."

"ನಾನೂ ಕೇಳಬೇಕಾಗಿತ್ತು. ಫೋನರೇ ಎತ್ತಬೇಕಾಗಿತ್ತು." ಅವಳು ಕಣ್ಣೊರೆಸಿಕೊಂಡಳು. "ಆದ್ರ ಒಂದು ಮಾತು. ನನಗ ಕೇಳಲಾರದ ನನಗ ಮನಿಯಾಕಿ ಮಾಡಿದ್ರಲ್ಲ... ಅದು ಪ್ರೀತಿ ಇರಬಹುದು. ಆದ್ರೂ ಕೇಳಬೇಕ್ರಿ."

"ಹೌದು. ಕೇಳಬೇಕು."

ಮುಕ್ತಾಬಾಯಿ ಯಾವಾಗಲೋ ಹತ್ತಿರ ಬಂದಿದ್ದಳು. ಅವಳ ಕೈಯಲ್ಲಿ ಮಡಿಸಿದ ಹಸಿರು ಖಣವಿತ್ತು. ಮಡಿಕೆಯ ಗೆರೆಯಲ್ಲಿ ಬಣ್ಣ ಸ್ವಲ್ಪ ಮಾಸಿತ್ತು. "ಗುಂಡಿ ಡಬ್ಬಿಯೊಳಗ ಇಟ್ಟಿದ್ರು ಕಲ್ಯಾಣಕ್ಕ. ಯಾರಿಗೂ ಮುಟ್ಟಗೊಡ್ತಿದ್ದಿಲ್ಲ. ಒಡ್ರಿ ಸೆರಗು."

ಶೀತಲ ಸೆರಗೊಡ್ಡಿದಳು. ಅಜ್ಜಿಯೂ ಹೀಗೇ ಒಡ್ಡಿದ್ದಳು. ಆದರೆ ಮುಕ್ತಾಬಾಯಿ ಮೇಲಿನಿಂದ ಹಾಕಲಿಲ್ಲ. ಎರಡೂ ಕೈಯಿಂದ ಗೋಧಿ, ತೆಂಗಿನಕಾಯಿ, ಖಣವನ್ನು ಉಡಿಯೊಳಗೆ ಇಟ್ಟು, ಹಣೆಗೆ ಕುಂಕುಮ ಹಚ್ಚಿದಳು. ಹಚ್ಚಬೇಕಾದ ಕೈ ಅದಾಗಿರಲಿಲ್ಲ. ಅದು ಅಲ್ಲಿ ನಿಂತ ಮೂವರಿಗೂ ಗೊತ್ತಿತ್ತು. 

ಊಟಕ್ಕೆ ಕೂತಾಗ ಶೀತಲ ಡಬ್ಬಿ ತೆರೆದಳು. ಕಾಂತೇಶ ಬದನೆಕಾಯಿ ಪಲ್ಯವನ್ನು ರೊಟ್ಟಿಯಲ್ಲಿ ಹಿಡಿದು ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು. ಖಾರಕ್ಕೋ, ಅವ್ವನ ನೆನಪಿಗೋ, ಅವಳು ಕೇಳಲಿಲ್ಲ.

ಆಮೇಲೆ ಅವನು ಮೆಲ್ಲಗೆ ಅಂದ. "ಆ ಓಟಿಪಿ... ಕಳಸಲಿಲ್ಲ ನೀ."

"ಕೈ ಬರಲಿಲ್ಲ. ಅವರ 'ಮನಿಯಾಕಿಗೆ ಪಗಾರ ಏನ ಬೇ' ಅಂದ ನಗು ನೆನಪಾತು."

"ನನಗೂ ಮತ್ತ ಕೇಳಲಿಕ್ಕೆ ಧೈರ್ಯ ಆಗಲಿಲ್ಲ. ಇಬ್ಬರೂ ಕೂಡಿ ಮಾಡೋಣೇನು?"

ಅವನು ತನ್ನ ಫೋನಿನಲ್ಲಿ ಒತ್ತಿದ. ಅವಳ ಮಡಿಲಲ್ಲಿದ್ದ ಫೋನು ಗುಂಯ್ ಎಂದಿತು. ಎರಡು ವರ್ಷ ಪುಣೆಯವರೆಗೆ ಹೋಗಿ ಬಂದ ಅಂಕಿಗಳು ಇಂದು ಒಂದು ಮೊಳ ದೂರದಲ್ಲಿದ್ದವು. ಶೀತಲ ಅವನ್ನು ಮೊದಲ ಸಲ ಬಾಯಿಂದ ಓದಿ ಹೇಳಿದಳು. ಒಂದೊಂದಕ್ಕೂ ನಿಲ್ಲುತ್ತ. ಅವನು ಒಂದೊಂದನ್ನೇ ಒತ್ತಿದ. ಕಲ್ಯಾಣಮ್ಮನ ಹೆಸರು ಪಟ್ಟಿಯಿಂದ ಹೋಯಿತು.

 ಜೋಳದ ಗರಿಗಳು ಸರಪರ ಅನ್ನುತ್ತಿದ್ದವು.

"ಈಗರೇ ನಂಬರ್ ಬದಲಿ ಮಾಡ್ಕೋತೀರೇನು?" ಶೀತಲ ಕೇಳಿದಳು.

"ಬ್ಯಾಡ. ಇರಲಿ." ಅವನು ತಲೆ ಎತ್ತಿ ನೇರವಾಗಿ ಅವಳನ್ನು ನೋಡಿದ. ಕಿವಿ ಕೆಂಪಾಗಿದ್ದವು. "ಶೀತಲ, ಕೇಳಾಕತ್ತೀನಿ. ಬಾಯಿ ಬಿಟ್ಟು ಕೇಳಾಕತ್ತೀನಿ. ನನ್ನ ಕೂಡ ಲಗ್ನ ಆಗ್ತೀಯೇನು?"

"ಆಗ್ತೀನಿ. ನಮ್ಮಪ್ಪಗ ಬಂದು ಕೇಳ್ರಿ, ಮೊದಲು. ಮತ್ತ ಪಟ್ಟಿಯೊಳಗ ನನ್ನ ಹೆಸರು ಹಾಕ್ರಿ. ಶೀತಲ ಅಂಬಾರಾಯ ಅಂತ, ಒಂದಕ್ಷರ ತಪ್ಪಬಾರದು."

"ಮನಿಯಾಕಿಗೆ ಪಗಾರಾ?"

"ನಿಮ್ಮವ್ವಗ ಕೊಟ್ಟೀರಿ. ನನಗೂ ಕೊಡ್ರಿ."

ಬಹಳ ದಿನಗಳ ಮೇಲೆ ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಚರಗ ಚೆಲ್ಲಲು ಹೆಂಗಸರು ಏಳುತ್ತಿದ್ದರು. ಶೀತಲ ಉಡಿ ಕಟ್ಟಿಕೊಂಡು ಎದ್ದು, ಹಿಂದೆ ತಿರುಗಿ ಕೇಳಿದಳು.

"ಮುಂದಿನ ವರ್ಷ ಎಳ್ಳಮಾಸಿಗೆ ನನಗ ಕರೀತೀರೇನು?"

"ಮನಿಯಾಕಿಗೆ ಯಾರರೇ..." ಎಂದು ಶುರು ಮಾಡಿದವನು ನಾಲಿಗೆ ಕಚ್ಚಿಕೊಂಡ. "ಕರೀತೀನಿ. ದಿನಾ ಕರೀತೀನಿ."

"ಎಲ್ಲಿ, ಕರೀರಿ ನೋಡೋಣ."

"ಶೀತಲಾ..."

"ಓ..."